ಮಂದಿ ಹೋಗೂತನಕ

ದಿಗ್ಗೇವಾಡಿಯ ಆಬಾಸಾಹೇಬರ ಮನೆಗೆ ಯಾರೇ ಬರಲಿ, ಮೊದಲು ನೀರು ಕೊಡುವವಳು ದುಂಡವ್ವ. ಟಪಾಲಿನವನು ಬರಲಿ, ಬಳೆಗಾರ ಬರಲಿ, ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ ಬರಲಿ, ಅಂಗಳದಲ್ಲಿ ಚಪ್ಪಲಿ ಸಪ್ಪಳವಾದರೆ ಸಾಕು, ಎಡಗಾಲು ಎಳೆಯುತ್ತ ಓಡಿ ಬರುತ್ತಿದ್ದಳು. ಒಂದು ಕೈಯಲ್ಲಿ ತುಂಬಿದ ತಂಬಿಗೆ, ಇನ್ನೊಂದರಲ್ಲಿ ಬೆಲ್ಲದ ಚೂರು. "ಬರ್ರಿ, ನೀರ ಕುಡೀರಿ" ಎಂದು ಬಾಯಿ ತುಂಬ ಹೇಳಿ, ಬಂದವರು ಕುಡಿದು ಮುಗಿಸುವವರೆಗೂ ಅವರ ಮುಖವನ್ನೇ ನೋಡುತ್ತ ನಗುತ್ತಿದ್ದಳು. ಇಪ್ಪತ್ತೆರಡು ವರ್ಷದ ಆ ಹುಡುಗಿಗೆ ಪೂರ್ತಿ ಮಾತು ಅಂತ ಬರುತ್ತಿದ್ದುದು ಅದೊಂದೇ. ಉಳಿದದ್ದೆಲ್ಲ ಅರ್ಧಂಬರ್ಧ, ಅದು ತಿಳಿಯುತ್ತಿದ್ದುದು ತಾಯಿ ರುಕ್ಮವ್ವನಿಗೆ ಮಾತ್ರ.

ಮೂರು ವರ್ಷದವಳಿದ್ದಾಗ ಜ್ವರ ಬಂದಿತ್ತು. ಜ್ವರವೋ ಅದೇನು ಮಾರಿಯೋ, ಹತ್ತು ದಿನ ಕಣ್ಣು ತೆರೆಯಲಿಲ್ಲ. ಮಿರಜಿಗೆ ಒಯ್ದು ಜೀವ ಉಳಿಸಿಕೊಂಡು ಬಂದರು. ಮೈ ಬೆಳೆಯಿತು, ಎದೆಯೆತ್ತರ ಬೆಳೆಯಿತು, ಬುದ್ಧಿ ಮಾತ್ರ ಆ ಮೂರನೆಯ ವರ್ಷದಲ್ಲೇ ಕುಳಿತುಬಿಟ್ಟಿತು. ನಕ್ಕರೆ ತುಟಿಯ ಒಂದು ಮೂಲೆ ಜಾರಿ ಅಲ್ಲಿಂದ ಜೊಲ್ಲು ಇಳಿಯುತ್ತಿತ್ತು. ರುಕ್ಮವ್ವ ಸೆರಗಿನ ತುದಿಯಿಂದ ಅದನ್ನು ದಿನಕ್ಕೆ ನೂರು ಸಲ ಒರೆಸುತ್ತಿದ್ದಳು. ಬೇಸರಪಟ್ಟುಕೊಂಡದ್ದನ್ನು ಯಾರೂ ಕಂಡಿಲ್ಲ. ಆ ಮಗಳ ಮೇಲೆ ಅವಳು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕೈ ಎತ್ತಿದವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದನ್ನು ಕೇಳಿ ರುಕ್ಮವ್ವನನ್ನು ಬೈಯುವವರು ಬೈಯಲಿ, ಆದರೆ ಇದನ್ನೂ ತಿಳಿದುಕೊಂಡು ಬೈಯಲಿ.

ಕಿರಿಯವಳು ಅಕ್ಕುತಾಯಿ. ಚಿಕ್ಕೋಡಿಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿ ಮನೆಗೆ ಬಂದು ಕುಳಿತಿದ್ದಳು. ನೋಡಲು ಲಕ್ಷಣ, ಕೆಲಸಕ್ಕೆ ಚುರುಕು, ಮನೆಗೆ ಎಂಟೆಕರೆ ಕಬ್ಬು. ಇಷ್ಟಿದ್ದೂ ಹಿಂದಿನ ವರ್ಷ ಅಥಣಿ ಕಡೆಯ ಗಂಡಿನವರು ನೋಡಲು ಬಂದು, ಎದ್ದು ಹೋಗಿದ್ದರು. ದುಂಡವ್ವ ಎಂದಿನಂತೆ ತಂಬಿಗೆ ಹಿಡಿದು ಓಡಿ ಬಂದಿದ್ದಳು. ಹುಡುಗನ ತಾಯಿ ಅವಳ ತುಟಿ ನೋಡಿದಳು, ತಂಬಿಗೆ ನೋಡಿದಳು, ನೀರು ಮುಟ್ಟದೆ ಸೆರಗು ಸರಿಪಡಿಸಿಕೊಂಡಳು. ಆಮೇಲೆ ಯಾರದೋ ಕೈಯಲ್ಲಿ ಹೇಳಿ ಕಳಿಸಿದರು: ಆ ಮನಿತನದ ರಕ್ತದಾಗ ಏನೋ ಐತಿ, ನಮಗ ಬ್ಯಾಡ. ಅಂದು ಅಕ್ಕುತಾಯಿ ಒಳಗಿನ ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ದುಂಡವ್ವ ಅವಳ ಮುಂದೆಯೂ ತಂಬಿಗೆ ಹಿಡಿದು, "ನೀರ ಕುಡೀರಿ" ಎನ್ನುತ್ತ ನಿಂತಿದ್ದಳು.

ತೊಂಬತ್ತೊಂದನೆಯ ಇಸವಿಯ ಡಿಸೆಂಬರಿನಲ್ಲಿ ನಿಪ್ಪಾಣಿಯ ಒಂದು ಮನೆತನದಿಂದ ಅಕ್ಕುತಾಯಿಗೆ ಮದುವೆಯ ಮಾತು ಬಂತು. ಹುಡುಗನ ಕಾಕಾ ರಾಜಾರಾಮ ಮಾಸ್ತರ ಕೊಲ್ಹಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಆ ವರ್ಷ ಅವರ ಕಾಲೇಜಿಗೆ ಪರದೇಶದ ವಿದ್ಯಾರ್ಥಿಗಳು ಆರು ತಿಂಗಳ ಮಟ್ಟಿಗೆ ಬಂದಿದ್ದರು. ಒಬ್ಬೊಬ್ಬರೂ ಒಂದು ಶನಿವಾರ, ಭಾನುವಾರ ಯಾರಾದರೂ ಒಕ್ಕಲಿಗರ ಮನೆಯಲ್ಲಿದ್ದು ಬರಬೇಕೆಂದು ಅವರಿಗೆ ನೇಮವಂತೆ. ಮಾಸ್ತರರು ಆಬಾಸಾಹೇಬರಿಗೆ ಕಾಗದ ಬರೆದರು: ಡೆನ್ಮಾರ್ಕ್ ಎಂಬ ದೇಶದ ಹುಡುಗಿಯೊಬ್ಬಳನ್ನು ನಿಮ್ಮ ಮನೆಗೆ ಕರೆತರುತ್ತೇನೆ, ನಾನೂ ಉಳಿಯುತ್ತೇನೆ, ಅವಳಿಗೆ ಊರು ತೋರಿಸಿದಂತೆಯೂ ಆಯಿತು, ನಮಗೆ ನಿಮ್ಮ ಮನೆ ಪರಿಚಯವಾದಂತೆಯೂ ಆಯಿತು.

ಕಾಗದ ಓದಿದವಳು ಅಕ್ಕುತಾಯಿ. ಕೇಳಿದ ರುಕ್ಮವ್ವ ಕೈಯೊಳಗಿನ ಕೆಲಸ ಬಿಟ್ಟು ಎದ್ದಳು.

"ದುಂಡವ್ವನ್ನ ಏನ ಮಾಡೂದ್ರಿ?" ಎಂದು ಗಂಡನನ್ನು ಕೇಳಿದಳು.

"ಏನ ಮಾಡೂದಂದ್ರ? ಮನಿ ಮಗಳ. ಮನ್ಯಾಗ ಇರ್ತಾಳ."

"ಹಾಂ, ಇರ್ತಾಳ! ತಂಬಿಗಿ ಹಿಡದ ಓಡಿ ಬರ್ತಾಳ. ಮಾಸ್ತರ ಎದ್ದ ಹೋಗ್ತಾರ. ಅಕ್ಕುತಾಯಿನ್ನ ಜಲ್ಮಪೂರ್ತಿ ಮನ್ಯಾಗ ಇಟಗೊಂಡ ಕುಂಡ್ರೂಣು, ಆತಿಲ್ಲೊ?"

ಆಬಾಸಾಹೇಬ ತಲೆ ತುರಿಸಿಕೊಂಡ. ಮಾತಿಗೆ ನಿಲ್ಲುವ ಗಂಡಸಲ್ಲ ಅವನು. "ಎರಡ ದಿನದ ಮಾತ. ನಿನಗ ತಿಳದಂಗ ಮಾಡ" ಎಂದು ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಎದ್ದು ಹೋದ.

ತಿಳಿದದ್ದೇನು? ಮನೆಯಿಂದ ಮೂರು ಹೊಲ ದಾಟಿದರೆ ಅವರ ತೋಟದಲ್ಲಿ ಒಂದು ಗುಡಿಸಲಿತ್ತು. ಅದರಲ್ಲಿ ಆಡು ಕಾಯುವ ಲಕ್ಕವ್ವ ಎಂಬ ಮುದುಕಿ ಇರುತ್ತಿದ್ದಳು. ಶನಿವಾರ ಮುಂಜಾನೆ ರುಕ್ಮವ್ವ ಮಗಳ ತಲೆ ಬಾಚಿ, ಎರಡು ಸೀರೆ ಗಂಟು ಕಟ್ಟಿ, ಕೈಹಿಡಿದು ಅಲ್ಲಿಗೆ ಕರೆದೊಯ್ದಳು. ಗುಡಿಸಲಿನಲ್ಲಿ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು.

"ಶ್... ನೋಡ ನಮ್ಮವ್ವ, ಮನಿಗೆ ಮಂದಿ ಬರ್ತಾರ. ಮಂದಿ ಹೋಗೂತನಕ ಸುಮ್ಮನ ಕುಂಡ್ರಬೇಕ. ಯಾರಿಗೂ ಕಾಣಬಾರದ. ಕುಂತಿ ಅಂದ್ರ ಹಸರ ಬಳಿ ಕೊಡಸ್ತೀನಿ, ಕೈತುಂಬ."

ದುಂಡವ್ವನಿಗೆ ಬಳೆ ಎಂದರೆ ಪ್ರಾಣ. ಅವಳೂ ತುಟಿಯ ಮೇಲೆ ಬೆರಳಿಟ್ಟುಕೊಂಡು, "ಶ್" ಎಂದು ನಕ್ಕಳು. ಆಟವೆಂದುಕೊಂಡಿದ್ದಳು. ರುಕ್ಮವ್ವ ಅವಳ ತುಟಿ ಒರೆಸಿ, ತಿರುಗಿ ನೋಡದೆ ಮನೆಗೆ ಬಂದಳು. ಬಂದವಳು ಪಡಸಾಲೆಯಲ್ಲಿದ್ದ ದುಂಡವ್ವನ ಕೌದಿ, ಗೂಟದ ಮೇಲಿದ್ದ ಅವಳ ರಿಬ್ಬನ್ನು, ಎಲ್ಲವನ್ನೂ ಟ್ರಂಕಿನೊಳಗೆ ಹಾಕಿ ಮುಚ್ಚಿದಳು.

ಮಧ್ಯಾಹ್ನ ಜೀಪು ಬಂತು. ಜೀಪಿನ ಹಿಂದೆ ಅರ್ಧ ದಿಗ್ಗೇವಾಡಿ ಬಂತು. ಇಳಿದವಳು ಜೋಳದ ದಂಟಿನಂಥ ಉದ್ದನೆಯ ಹುಡುಗಿ, ಬಿಸಿಲಿಗೆ ಮೂಗು ಕೆಂಪಾಗಿತ್ತು, ಚೂಡಿದಾರದ ಮೇಲೆ ಕ್ಯಾಮರಾ ನೇತಾಡುತ್ತಿತ್ತು. ಹೆಸರು ಕಿರ್ಸ್ಟೆನ್. ಓಣಿಯ ಹೆಂಗಸರು ಹತ್ತು ನಿಮಿಷದಲ್ಲಿ ಅವಳನ್ನು ಕಿಸ್ತೆವ್ವ ಮಾಡಿ ಮುಗಿಸಿದರು. ಕೊಲ್ಹಾಪುರದಲ್ಲಿ ನಾಲ್ಕು ತಿಂಗಳಿಂದ ಮರಾಠಿ ಕಲಿಯುತ್ತಿದ್ದಳು. ಈ ಕಡೆ ಮರಾಠಿ ಯಾರಿಗೆ ಬರುವುದಿಲ್ಲ? ಅವಳ ಮುರುಕು ಮರಾಠಿ, ಇವರ ಗಡಿಯ ಮರಾಠಿ, ಎರಡೂ ಸೇರಿ ಮಾತು ನಡೆಯಿತು. ಬಂದವಳೇ ಬಗ್ಗಿ ರುಕ್ಮವ್ವನ ಕಾಲು ಮುಟ್ಟಿ, "ಮಾವಶಿ" ಎಂದಳು. ತಾಯಿಯ ತಂಗಿಯನ್ನು ಕರೆಯುವ ಹಾಗೆ ಕರೆದಳು.

ನೀರು ತಂದವಳು ಅಕ್ಕುತಾಯಿ. ಬೆಲ್ಲ ತರುವುದನ್ನು ಮರೆತಿದ್ದಳು. ಆ ಮನೆಯಲ್ಲಿ ಅದು ದುಂಡವ್ವನ ಕೆಲಸವಾದ್ದರಿಂದ ಬೇರೆ ಯಾರಿಗೂ ರೂಢಿಯಿರಲಿಲ್ಲ.

ಹುಡುಗಿ ಒಳ್ಳೆಯವಳು. ಬಚ್ಚಲಲ್ಲಿ ಚರಗಿ ತುಂಬಿ ಕೊಟ್ಟರೆ ಚರಗಿಯಲ್ಲೇ ಮಿಂದಳು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು, ಕೆಂಪು ಮೆಣಸಿನಕಾಯಿಯ ಹಿಂಡಿಯನ್ನು ಬೆರಳ ತುದಿಯಲ್ಲಿ ನೆಕ್ಕಿ ಕಣ್ಣು ಮೂಗಿನಲ್ಲಿ ನೀರು ತಂದುಕೊಂಡು, "ಮಸ್ತ್!" ಎಂದಳು. ರೊಟ್ಟಿ ಬಡಿಯುತ್ತೇನೆಂದು ಹಟ ಹಿಡಿದಳು. ಅವಳು ಬಡಿದ ರೊಟ್ಟಿಗೆ ನಾಲ್ಕು ಮೂಲೆ ಬಂದವು. ಆಬಾಸಾಹೇಬ ಅದನ್ನೇ ಕೇಳಿ ಹಾಕಿಸಿಕೊಂಡು ತಿಂದ. ಅವರ ಮನೆಯಲ್ಲೂ ಒಕ್ಕಲುತನವಂತೆ, ಅರವತ್ತು ಆಕಳಿವೆಯಂತೆ. "ಅರವತ್ತ? ಸಗಣಿ ಬಳಿಯಾವ್ರ ಯಾರ?" ಎಂದು ರುಕ್ಮವ್ವ ಕೇಳಿದ್ದಕ್ಕೆ ಹುಡುಗಿ ತನ್ನ ಎದೆ ಮುಟ್ಟಿ ತೋರಿಸಿಕೊಂಡಳು. ಎಲ್ಲರೂ ನಕ್ಕರು. ರಾಜಾರಾಮ ಮಾಸ್ತರರೂ ನಕ್ಕರು. ಸಾಧು ಮನುಷ್ಯ, ಬಾಯಲ್ಲಿ ಮಾತು ಕಡಿಮೆ. ಅವರು ಅಕ್ಕುತಾಯಿಯನ್ನು ಮೆಚ್ಚುಗೆಯಿಂದ ನೋಡುತ್ತಿದ್ದಾರೆಂದು ರುಕ್ಮವ್ವನಿಗೆ ಕಂಡಿತು, ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಿತು.

ಹೋಳಿಗೆ ಬೆಂದಾಗ ಮೊದಲ ಎರಡನ್ನು ಅವಳು ದೇವರಿಗೂ ಇಡಲಿಲ್ಲ. ಎಲೆಯಲ್ಲಿ ಸುತ್ತಿ ಗಂಡನ ಟಾವೆಲಿನೊಳಗೆ ತುರುಕಿದಳು. ಅವನು ಮೋಟಾರು ಚಾಲೂ ಮಾಡಿ ಬರುತ್ತೇನೆಂದು ಹೇಳಿ ತೋಟಕ್ಕೆ ಹೋಗಿ, ಹೊತ್ತು ಮುಳುಗುವಾಗ ಮರಳಿದ.

"ತಿಂದಳ?" ಎಂದು ಒಲೆಯ ಮುಂದಿನಿಂದಲೇ ಮೆಲ್ಲಗೆ ಕೇಳಿದಳು.

"ತಿಂದಳ. ಮಂದಿ ಹೋದ್ರ ಅಂತ ಕೇಳಿದಳ."

ಊಟಕ್ಕೆ ಕುಳಿತಾಗ ಆಗಬಾರದ್ದು ಆಯಿತು. ಹುಡುಗಿ ಸುಮ್ಮನೆ, ಪ್ರೀತಿಗೆ, ಕೇಳಿದಳು: "ಮಾವಶಿ, ತುಮ್ಹಾಲಾ ಮುಲಂ ಕಿತಿ?" ನಿಮಗೆ ಮಕ್ಕಳೆಷ್ಟು?

ಅಕ್ಕುತಾಯಿಯ ಕೈ ಸಾರಿನ ಪಾತ್ರೆಯಲ್ಲಿ ನಿಂತಿತು. ಆಬಾಸಾಹೇಬ ತಾಟಿನೊಳಗೆ ಏನೋ ಹುಡುಕತೊಡಗಿದ. ರಾಜಾರಾಮ ಮಾಸ್ತರರು ತಲೆ ಎತ್ತಿ ರುಕ್ಮವ್ವನ ಕಡೆ ನೋಡಿದರು.

"ಏಕಚ್" ಎಂದಳು ರುಕ್ಮವ್ವ. ಒಬ್ಬಳೇ.

ಆ ಹುಡುಗಿ ಖುಷಿಯಿಂದ ತಲೆಯಾಡಿಸಿ, ನಾವು ಇಬ್ಬರು ಎಂದು ಹೇಳಿ, ಎಡಗೈಯಿಂದ ತನ್ನ ಚೀಲದೊಳಗಿನ ಪಾಕೀಟು ತೆಗೆದು ಒಂದು ಫೋಟೋ ಮುಂದೆ ಹಿಡಿದಳು. ತಂದೆ, ತಾಯಿ, ಇವಳು, ಮೂವರೂ ಹಿಂದೆ ನಿಂತಿದ್ದರು. ಮುಂದೆ, ನಡುಮಧ್ಯದಲ್ಲಿ, ಕುರ್ಚಿಯ ಮೇಲೆ ಒಬ್ಬಳು ಕುಳಿತಿದ್ದಳು. ದಪ್ಪ ಕನ್ನಡಕ, ಗಿಡ್ಡ ಕುತ್ತಿಗೆ, ತುಟಿಗಳ ನಡುವೆ ನಾಲಿಗೆಯ ತುದಿ. ತೊಡೆಯ ಮೇಲೆ ಒಂದು ಕರುವಿನ ತಲೆ. ಹುಟ್ಟಿದಾಗಿನಿಂದ ಹೀಗೇ, ಎಂದಳು ಕಿರ್ಸ್ಟೆನ್. ನನ್ನ ಅಕ್ಕ. ಕರುಗಳಿಗೆ ಹಾಲು ಕುಡಿಸುವವಳು ಅವಳೇ, ಬೇರೆಯವರು ಕುಡಿಸಿದರೆ ಕುಡಿಯುವುದಿಲ್ಲ. ಊರಿಂದ ದೂರ ಬಂದ ಮೇಲೆ ನನಗೆ ಬಹಳ ನೆನಪಾಗುವವಳು ಅವಳೇ.

ಮಾಸ್ತರರು ಫೋಟೋ ನೋಡಿ, "ಛಲೋ ಅದಾಳ" ಎಂದು ಹೇಳಿ ರುಕ್ಮವ್ವನ ಕೈಗೆ ಕೊಟ್ಟರು.

ರುಕ್ಮವ್ವ ಹಿಡಿದುಕೊಂಡೇ ಕುಳಿತಳು. ಅಲ್ಲಿ ಆ ಪರದೇಶದ ಮಂದಿ ಮಗಳನ್ನು ಮುಂದೆ ಕೂರಿಸಿ, ತಾವು ಹಿಂದೆ ನಿಂತಿದ್ದಾರೆ. ಇಲ್ಲಿ ತಾನು? ಮಾತು ಗಂಟಲಿನ ತನಕ ಬಂತು. ನನಗೂ ಒಬ್ಬಾಕಿ ಅದಾಳವ್ವ, ನಾ ಸುಳ್ಳ ಹೇಳಿದ್ನಿ, ತೋಟದಾಗ ಕುಂತಾಳ. ಇಷ್ಟೇ ಹೇಳಬೇಕಾಗಿದ್ದುದು. ಹೇಳಲು ಬಾಯಿ ತೆರೆದಳು ಕೂಡ. ಎದುರಿಗೆ ಅಕ್ಕುತಾಯಿ ಕಣ್ಣಲ್ಲಿ ನೀರು ತುಂಬಿಕೊಂಡು ಬೇಡ ಎಂಬಂತೆ ನೋಡುತ್ತಿದ್ದಳು. ರುಕ್ಮವ್ವ ಫೋಟೋ ಹಿಂದಿರುಗಿಸಿ, "ಇನ್ನೊಂದ ಹೋಳಿಗಿ ಹಾಕ್ಲಿ?" ಎಂದು ಕೇಳಿದಳು.

ಭಾನುವಾರ ಮುಂಜಾನೆ ಹುಡುಗಿ ಎಲ್ಲರಿಗಿಂತ ಮೊದಲು ಎದ್ದು, ಯಾರಿಗೂ ಹೇಳದೆ, ಕ್ಯಾಮರಾ ಹಿಡಿದು ಹೊಲದ ಕಡೆ ತಿರುಗಾಡಲು ಹೋದಳು. ರುಕ್ಮವ್ವ ಎಮ್ಮೆ ಹಿಂಡುತ್ತಿದ್ದಳು, ಗೊತ್ತಾಗಲಿಲ್ಲ. ಒಂದು ತಾಸಿನ ಮೇಲೆ ಹುಡುಗಿ ಕಾಲುವೆಯ ದಂಡೆಯಿಂದ ನಡೆದು ಬಂದಳು. ಬಾಯಲ್ಲಿ ಏನೋ ಚೀಪುತ್ತಿದ್ದಳು. ಪಡಸಾಲೆಯಲ್ಲಿ ಮಾಸ್ತರರು ಪೇಪರ್ ಓದುತ್ತಿದ್ದರು.

ಬೆಲ್ಲ, ಎಂದಳು ಹುಡುಗಿ. ಅಲ್ಲಿ ಒಂದು ಗುಡಿಸಲಿದೆ, ಒಬ್ಬ ಹುಡುಗಿ ಒಳಗಿಂದ ಓಡಿ ಬಂದು ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ನಾನು ಕುಡಿಯುವವರೆಗೂ ನಗುತ್ತ ನಿಂತಿದ್ದಳು. ಯಾರು ಮಾವಶಿ ಅವಳು?

ರುಕ್ಮವ್ವ ಕೈಯೊಳಗಿನ ಹಾಲಿನ ಬೋಗುಣಿ ಕೆಳಗಿಟ್ಟಳು.

"ನಮ್ಮ ಆಳಿನಾಕಿ ಮಗಳ" ಎಂದಳು. "ಲಕ್ಕವ್ವನ ಮಗಳ. ಸ್ವಲ್ಪ ತಿಳೀದುಲ್ಲ ಆಕಿಗಿ."

ಮಾಸ್ತರರು ಪೇಪರಿನ ಹಾಳೆ ತಿರುವಿದರು. ಕಿರ್ಸ್ಟೆನ್ ಮಾತ್ರ ರುಕ್ಮವ್ವನ ಮುಖವನ್ನು ಒಂದು ಗಳಿಗೆ ಹಾಗೇ ನೋಡಿದಳು. ಹಣೆ ನೋಡಿದಳು, ಹುಬ್ಬು ನೋಡಿದಳು, ಗಲ್ಲದ ಮೇಲಿನ ಕುಳಿ ನೋಡಿದಳು. ಬಳಿಕ ಏನೂ ಕೇಳದೆ ಕೈಕಾಲು ತೊಳೆಯಲು ಹೋದಳು. ಅಯ್ಯೋ, ಆ ಹುಡುಗಿ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ದಿನ ಸಂಜೆ ನಾಲ್ಕರ ಹೊತ್ತಿಗೆ ಅವರು ಹೊರಟರು. ರುಕ್ಮವ್ವ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು: ಜಂಪರಿನ ಬಟ್ಟೆ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು. ತುಂಬಿದ ಉಡಿಯಿಂದ ಐದು ಕಾಳು ಮನೆಗೆ ಬಿಟ್ಟು ಹೋಗಬೇಕು, ಮನೆಯ ಸಿರಿ ಮನೆಯಲ್ಲಿ ಉಳಿಯಲಿ ಅಂತ, ಎಂದು ಅಕ್ಕುತಾಯಿ ತಿಳಿಸಿ ಹೇಳಿದಳು. ಕಿರ್ಸ್ಟೆನ್ ಐದು ಕಾಳು ಆರಿಸಿ ರುಕ್ಮವ್ವನ ಅಂಗೈಯಲ್ಲಿಟ್ಟಳು. ಆಮೇಲೆ ತಡೆದು, ಕೊಬ್ಬರಿ ಬಟ್ಟಲನ್ನೂ ತೆಗೆದು ಅದೇ ಕೈಯಲ್ಲಿಟ್ಟು, "ನೀರು ಕೊಟ್ಟವಳಿಗೆ" ಎಂದಳು. ಜೀಪು ಧೂಳೆಬ್ಬಿಸಿಕೊಂಡು ಹೋಯಿತು.

ಇಲ್ಲಿ ರುಕ್ಮವ್ವ ಅತ್ತಿದ್ದರೆ ಆಗುತ್ತಿತ್ತು. ಅವಳಿಗೆ ಸಿಟ್ಟು ಬಂತು. ಎರಡು ದಿನ ಉಸಿರು ಬಿಗಿಹಿಡಿದು ನಡೆದ ಸಿಟ್ಟು, ಎರಡು ಸಲ ನಾಲಿಗೆ ಹೊಲಸು ಮಾಡಿಕೊಂಡ ಸಿಟ್ಟು. ಯಾರ ಮೇಲೆ ಬರಬೇಕೋ ಅವರ ಮೇಲೆ ಬಾರದೆ, ಬಡಪಾಯಿಯ ಮೇಲೆ ಬಂತು. ಬಿರಬಿರನೆ ತೋಟಕ್ಕೆ ನಡೆದಳು. ದುಂಡವ್ವ ಅವ್ವನನ್ನು ಕಂಡು, "ಬಳಿ, ಬಳಿ" ಎನ್ನುತ್ತ ಎರಡೂ ಕೈ ಚಾಚಿ ಓಡಿ ಬಂದಳು.

"ಯಾರಿಗೂ ಕಾಣಬ್ಯಾಡ ಅಂದಿದ್ದಿಲ್ಲ ನಿನಗ? ನೀರ ಕೊಡಾಕ ಯಾಕ ಓಡಿದಿ? ಯಾಕ ಓಡಿದೀ ಬೇ?" ಎಂದು ರಪ್ಪನೆ ಕಪಾಳಕ್ಕೆ ಒಂದು ಬಿಟ್ಟಳು.

ದುಂಡವ್ವ ಅಳಲಿಲ್ಲ. ಹುಟ್ಟಿದಾಗಿನಿಂದ ಅವ್ವನ ಕೈಯ ಏಟು ಹೇಗಿರುತ್ತದೆಂದೇ ತಿಳಿಯದವಳು. ಕೆನ್ನೆ ಮುಟ್ಟಿಕೊಂಡು, ಆ ಕೈಯನ್ನು ನೋಡಿದಳು, ಅವ್ವನನ್ನು ನೋಡಿದಳು. ಲಕ್ಕವ್ವ ಆಡು ಬಿಟ್ಟು ಓಡಿ ಬಂದು, "ಬಿಡ್ರಿ ಅವ್ವಾರ, ನಂದ ತಪ್ಪ, ನಾ ಮೇವಿಗಿ ಹೋಗಿದ್ನಿ" ಎಂದು ನಡುವೆ ನಿಂತಳು. ಆಗ ರುಕ್ಮವ್ವನಿಗೆ ತಾನೇನು ಮಾಡಿದೆನೆಂದು ತಿಳಿಯಿತು. ಮಗಳನ್ನು ತಬ್ಬಿಕೊಂಡು ಬೋರಾಡಿ ಅತ್ತಳು. ಮರುದಿನ ಬಳೆಗಾರನನ್ನು ಕರೆಸಿ ಎರಡೂ ಕೈತುಂಬ ಹಸಿರು ಬಳೆ ಇಡಿಸಿದಳು. ದುಂಡವ್ವ ಕೈ ಅಲ್ಲಾಡಿಸಿ ಸಪ್ಪಳ ಕೇಳಿ ನಕ್ಕಳು. ಮರೆತಳು ಎಂದುಕೊಂಡರು.

ಮರೆತಿರಲಿಲ್ಲ. ಎಂಟು ದಿನ ಬಿಟ್ಟು ಸಕ್ಕರೆ ಕಾರ್ಖಾನೆಯ ಚೀಟಿ ತರುವ ಸ್ಲಿಪ್ ಬಾಯ್ ಮೋಟಾರ್ ಸೈಕಲ್ ಮೇಲೆ ಬಂದ, ಕಬ್ಬು ಉಗಾರಕ್ಕೆ ಯಾವಾಗ ಕಳಿಸುವುದೆಂದು ಹೇಳಲು. ಗಾಡಿಯ ಸಪ್ಪಳ ಅಂಗಳದಲ್ಲಿ ನಿಲ್ಲುವುದರೊಳಗೆ ದುಂಡವ್ವ ಗೂಟದ ಮೇಲಿನ ಒಂದು ಸೀರೆ ಎಳೆದುಕೊಂಡು, ಹಿತ್ತಲ ಬಾಗಿಲಿನಿಂದ, ಕಾಲೆಳೆಯುತ್ತ ತೋಟದ ದಾರಿ ಹಿಡಿದಿದ್ದಳು. ಯಾರೂ ಹೇಳಿರಲಿಲ್ಲ. ಗಾಡಿ ಹೋದ ಮೇಲೆ ತಾನೇ ಬಂದು, ಅವ್ವನ ಮುಂದೆ ಎರಡೂ ಕೈ ಚಾಚಿ ನಿಂತಳು. ಮೊದಲ ಸಲ ಮನೆಯವರು ನಕ್ಕರು ಕೂಡ. ಶಾಣ್ಯಾಕಿ ಆಗ್ಯಾಳ ಅಂದರು. ನಾಲ್ಕನೆಯ ಸಲ ಯಾರಿಗೂ ನಗು ಬರಲಿಲ್ಲ. ಟಪಾಲಿನವನ ಸೈಕಲ್ಲಿಗೂ ಹೋದಳು, ಬಳೆಗಾರ ಬಂದರೂ ಹೋದಳು. ತಂಬಿಗೆ ನೀರಿನ ಹಂಡೆಯ ಮೇಲೆ ಮಗುಚಿ ಬಿದ್ದಿರುತ್ತಿತ್ತು. "ಬರ್ರಿ, ನೀರ ಕುಡೀರಿ" ಎಂಬ ಮಾತು ಅವಳ ಬಾಯಲ್ಲಿ ನಿಂತೇ ಹೋಯಿತು. ಅದರ ಜಾಗಕ್ಕೆ, ಆ ಜನ್ಮದಲ್ಲಿ ಅವಳು ಕಲಿತ ಎರಡನೆಯ ಪೂರ್ತಿ ಮಾತು ಬಂದು ಕುಳಿತಿತ್ತು: "ಮಂದಿ ಹೋಗೂತನಕ ಸುಮ್ಮನ ಕುಂಡ್ರಬೇಕ."

ಏಪ್ರಿಲಿನಲ್ಲಿ ಅಕ್ಕುತಾಯಿಯ ಮದುವೆ. ಮನೆಯ ಮುಂದೆಯೇ ಹಂದರ. ನಿಪ್ಪಾಣಿಯಿಂದ ಎರಡು ಟ್ರಕ್, ಮೂರು ಜೀಪು ಬಂದವು. ಇಳಿದ ಮೇಲೆ ಹುಡುಗನ ತಾಯಿ ಸುಂದ್ರವ್ವ ಅತ್ತಿತ್ತ ನೋಡಿ ಕೇಳಿದಳು, "ಹಿರೇ ಮಗಳೆಲ್ಲಿ ಅದಾಳ್ರಿ ಬೀಗತಿ? ಆಕಿಗೂ ಸೀರಿ ತಂದೇನಿ. ಹಸರ ಬಣ್ಣ ಆಕಿಗಿ ಸೇರ್ತೈತಂತ ಕೇಳೇನಿ."

ರುಕ್ಮವ್ವ ನೆಲ ನೋಡಿದಳು. ರಾಜಾರಾಮ ಮಾಸ್ತರರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ವೈನಿ, ಊರಾಗ ನಾಕ ಮಂದಿನ ಕೇಳದ ಯಾರರ ಹೆಣ್ಣ ತರ್ತಾರೇನ್ರಿ? ನಮಗ ಮೊದಲ ಗೊತ್ತಿತ್ತ. ಜ್ವರ ಬಂದ ಹಂಗಾತು, ಅದರಾಗ ಯಾರದೇನ ತಪ್ಪ? ಆವತ್ತ ನೀವಾಗಿ ಹೇಳ್ತೀರಿ ಅಂತ ದಾರಿ ನೋಡಿದ್ನಿ. ಹೇಳಲಿಲ್ಲ. ನಾ ಕೇಳಿದ್ರ ನಿಮಗ ಮುಜುಗರ ಆಕ್ಕೈತಂತ ಸುಮ್ಮನಾದ್ನಿ."

ಎಲ್ಲರಿಗೂ ಗೊತ್ತಿತ್ತು! ಚಿಕ್ಕೋಡಿ, ರಾಯಬಾಗ ತಾಲೂಕಿನಲ್ಲಿ ಒಂದು ಮನೆಯ ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಸುತ್ತ ಹತ್ತು ಊರಿಗೆ ತಿಳಿದಿರುತ್ತದೆ, ಹೆತ್ತ ಮಗಳು ತಿಳಿಯದೆ ಇರುತ್ತಾಳೆಯೇ? ಗುಡಿಸಲಿನಲ್ಲಿ ಬಚ್ಚಿಟ್ಟು ಲೋಕದ ಕಣ್ಣು ಕಟ್ಟಿದೆನೆಂದು ತಿಳಿದವಳು ರುಕ್ಮವ್ವ ಒಬ್ಬಳೇ. ಅವಳು ಲಕ್ಕವ್ವನನ್ನು ತೋಟಕ್ಕೆ ಓಡಿಸಿದಳು. ಲಕ್ಕವ್ವ ಒಬ್ಬಳೇ ಮರಳಿದಳು.

"ಒಲ್ಲೆ ಅಂತಾಳ್ರಿ ಅವ್ವಾರ. ಖಾಟಿನ ಕಾಲ ಹಿಡದ ಕುಂತಾಳ. ಮಂದಿ ಹೋಗೂತನಕ ಬರೂದುಲ್ಲಂತ."

ತಂಗಿಯ ಮೇಲೆ ಅಕ್ಷತೆ ಬಿದ್ದಾಗ ಅಕ್ಕ ಅಲ್ಲಿರಲಿಲ್ಲ. ಹಸಿರು ಸೀರೆ ಮಡಿಕೆ ಬಿಚ್ಚದೆ ಟ್ರಂಕಿಗೆ ಹೋಯಿತು.

ಮಳೆ ಬೀಳುವ ಹೊತ್ತಿಗೆ ಡೆನ್ಮಾರ್ಕಿನಿಂದ ದಪ್ಪ ಲಕೋಟೆ ಬಂತು. ತುಂಬ ಫೋಟೋಗಳು: ನಾಲ್ಕು ಮೂಲೆಯ ರೊಟ್ಟಿ, ಟಾವೆಲ್ ಸುತ್ತಿದ ಆಬಾಸಾಹೇಬ, ಕಬ್ಬಿನ ಟ್ರ್ಯಾಕ್ಟರ್, ಒಲೆಯ ಮುಂದೆ ರುಕ್ಮವ್ವ. ಕೊನೆಯದು ದುಂಡವ್ವನದು. ಗುಡಿಸಲ ಬಾಗಿಲಲ್ಲಿ, ತಂಬಿಗೆ ಮುಂದೆ ಚಾಚಿ, ಒಂದೇ ಕಡೆಗೆ ಜಾರಿದ ತುಟಿಯಿಂದ ಬಾಯಿ ತುಂಬ ನಗುತ್ತಿದ್ದಳು. ಆ ನಗು ಈಗ ಮನೆಯಲ್ಲಿ ಇರಲಿಲ್ಲ. ಫೋಟೋದ ಬೆನ್ನಿಗೆ ಮರಾಠಿಯ ಓರೆಕೋರೆ ಅಕ್ಷರ ಇದ್ದವು. ಓದಿ ಹೇಳಿದವನು ಆಬಾಸಾಹೇಬ: "ಇವಳ ಹೆಸರೇನು, ಮಾವಶಿ?"

ಅಷ್ಟೇ ಇತ್ತು. ಯಾರ ಮಗಳೆಂದು ಕೇಳಿರಲಿಲ್ಲ. ಅದು ತಿಳಿದಿತ್ತು ಅವಳಿಗೆ.

ಪಂಚಮಿಗೆ ಅಕ್ಕುತಾಯಿ ತವರಿಗೆ ಬಂದಾಗ ರುಕ್ಮವ್ವ ಉತ್ತರ ಬರೆಯಿಸಿದಳು. "ಹೆಸರ ದುಂಡವ್ವ ಅಂತ ಬರಿ" ಎಂದಳು. ಅಕ್ಕುತಾಯಿ ಬರೆದು, "ಮುಂದ?" ಎಂದು ಕೇಳಿದಳು. ಮುಂದೆ ಏನು ಬರೆಯಿಸಬೇಕೆಂದು ರುಕ್ಮವ್ವನಿಗೆ ಗೊತ್ತಿತ್ತು, ಎಂಟು ದಿನದಿಂದ ಅದನ್ನೇ ಒಳಗೊಳಗೆ ಹೇಳಿಕೊಂಡಿದ್ದಳು. ಆದರೆ ಆಳಿನಾಕಿ ಮಗಳ ಅಂತ ಹೇಳಿದ ಬಾಯಿಂದ ಕಿರಿಮಗಳೆದುರಿಗೆ ಅದು ಹೊರಗೆ ಬರಲಿಲ್ಲ. "ಛಲೋ ಹುಡುಗಿ ಅಂತ ಬರಿ, ಸಾಕ" ಎಂದಳು. ಕಾಗದ ಹೋಯಿತು. ಆ ಹುಡುಗಿ ಇನ್ನೊಂದು ಸಲ ಬಂದರೆ ಅವಳ ಮುಖ ನೋಡಿಯೇ ಹೇಳುತ್ತೇನೆ, ಅಷ್ಟಾದರೂ ಹೇಳದೆ ಸಾಯುವುದಿಲ್ಲ ಎಂದು ಅಂದೇ ನಿಶ್ಚಯ ಮಾಡಿಕೊಂಡಳು.

ಬಂದಳು. ಒಂದೂವರೆ ವರ್ಷ ಬಿಟ್ಟು, ತೊಂಬತ್ನಾಲ್ಕರ ಜನವರಿಯಲ್ಲಿ, ಮುಂಜಾನೆ ಹತ್ತರ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ಕೂದಲು ಗಿಡ್ಡ ಮಾಡಿಸಿದ್ದಳು, ಮರಾಠಿ ಅರ್ಧ ಮರೆತಿದ್ದಳು, ಮೂಗು ಮಾತ್ರ ಅಷ್ಟೇ ಕೆಂಪು. ರುಕ್ಮವ್ವ ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಮಾವಶಿ, ದುಂಡವ್ವಾ ಕುಠೆ?" ಎಂದಳು ಹುಡುಗಿ. ಎಲ್ಲಿ ದುಂಡವ್ವ? ಬೇರೆ ಮಾತೇ ಇಲ್ಲ, ಅದೇ ಮೊದಲ ಮಾತು. ಚೀಲದಿಂದ ಬಣ್ಣದ ಕಾಗದ ಸುತ್ತಿದ ಏನೋ ತೆಗೆದು ತೋರಿಸಿದಳು, ನನ್ನ ಅಕ್ಕ ಕಳಿಸಿದ್ದಾಳೆ ಎಂದಳು.

ರುಕ್ಮವ್ವನಿಗೆ ಎದೆ ತುಂಬಿ ಬಂತು. ಓಣಿಗೆಲ್ಲ ಕೇಳುವಂತೆ ಒಳಗೆ ತಿರುಗಿ ಕೂಗಿದಳು: "ಏ ದುಂಡವ್ವಾ! ಬಾರ ಬೇ ನನ್ನ ಮಗಳ! ನೀರ ತಗೊಂಡ ಬಾ, ನಿನ್ನ ನೋಡಾಕ ಬಂದಾರ!"

ಹಂಡೆಯ ಮೇಲೆ ತಂಬಿಗೆ ಮಗುಚಿತ್ತು. ಹಿತ್ತಲ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

ಇಬ್ಬರೂ ಕಬ್ಬಿನ ನಡುವಿನ ದಾರಿಯಲ್ಲಿ ನಡೆದರು. ಮಗಳ ಕೈಹಿಡಿದು, ಮಗಳೆದುರಿಗೇ ಹೇಳಬೇಕೆಂದು ರುಕ್ಮವ್ವ ಮಾತನ್ನು ಬಿಗಿಹಿಡಿದಿದ್ದಳು. ಗುಡಿಸಲ ಬಾಗಿಲು ಮುಚ್ಚಿತ್ತು. ಮೆಲ್ಲಗೆ ನೂಕಿದಳು. ಒಳಗಿನ ಮಬ್ಬಿನಲ್ಲಿ ದುಂಡವ್ವ ಖಾಟಿನ ಬದಿಗೆ ಮೊಣಕಾಲು ಮಡಚಿ ಕುಳಿತಿದ್ದಳು. ಅವ್ವನನ್ನು ಕಂಡವಳೇ ಗಾಬರಿಯಾಗಿ ಎದ್ದಳು. ಅವ್ವನ ಕೈ ಹಿಡಿದು ಒಳಗೆಳೆದುಕೊಂಡಳು. ಹಿಂದಿದ್ದ ಪರದೇಶದ ಹುಡುಗಿಯನ್ನೂ ತೋಳು ಹಿಡಿದು ಎಳೆದುಕೊಂಡು, ಹೊರಗೆ ಆಚೆ ಈಚೆ ನೋಡಿ, ಬಾಗಿಲು ಮುಚ್ಚಿ ಅಗಳಿ ಹಾಕಿದಳು. ಇಬ್ಬರನ್ನೂ ನೆಲದ ಮೇಲೆ ಕೂರಿಸಿ, ತುಟಿಯ ಮೇಲೆ ಬೆರಳಿಟ್ಟಳು.

"ಶ್... ಮಂದಿ" ಎಂದಳು ಪಿಸುಮಾತಿನಲ್ಲಿ.

ಕಿರ್ಸ್ಟೆನ್ ಕಣ್ಣೊರೆಸಿಕೊಂಡಳು. ರುಕ್ಮವ್ವ ಮಗಳ ತಲೆ ಸವರಿದಳು. ಇನ್ನು ತಡೆಯಲಾಗಲಿಲ್ಲ ಅವಳಿಂದ.

"ಕಿಸ್ತೆವ್ವ, ಅವತ್ತ ನಾ ಸುಳ್ಳ ಹೇಳಿದ್ನಿ" ಎಂದು ಗಟ್ಟಿಯಾಗಿ ಶುರುಮಾಡಿದಳು. "ಇಕಿ ಆಳಿನಾಕಿ ಮಗಳಲ್ಲ. ಇಕಿ ನನ್ನ..."

ಮುಂದಿನ ಮಾತು ಬರಲಿಲ್ಲ. ದುಂಡವ್ವ ತನ್ನ ಅಂಗೈಯನ್ನು ಅವ್ವನ ಬಾಯಿಗೆ ಒತ್ತಿ ಮುಚ್ಚಿದ್ದಳು. ರುಕ್ಮವ್ವ ಬಿಡಿಸಿಕೊಳ್ಳಲು ನೋಡಿದಳು, ಅವಳು ಇನ್ನಷ್ಟು ಒತ್ತಿ ಹಿಡಿದಳು. ಹಸಿರು ಬಳೆಗಳು ಅವ್ವನ ಗಲ್ಲಕ್ಕೆ ಒತ್ತಿದವು. ಇನ್ನೊಂದು ಕೈಯಿಂದ ಅವಳು ತನ್ನ ಕೆನ್ನೆ ಮುಟ್ಟಿ ತೋರಿಸಿ, ಅವ್ವನ ಕಿವಿಯ ಹತ್ತಿರ ಬಾಯಿ ತಂದು, ಬಹಳ ಮೆತ್ತಗೆ ಹೇಳಿದಳು:

"ಸುಮ್ಮನ ಕುಂಡ್ರ ಅವ್ವಾ. ಬಡೀತಾರ."